ತುಪ್ಪಣ್ಣನ ಹುಟ್ಟುಹಬ್ಬ

ನಮ್ಮೂರಿನಲ್ಲಿ ಕಡೆಯದಾಗಿ ಹುಟ್ಟಿದ ಕೂಸು ನಾನು. ಈಗ ನನಗೆ ಇಪ್ಪತ್ತೊಂಬತ್ತು ತುಂಬಿದೆ. ನಾನಾದ ಮೇಲೆ ಈ ಊರಿನ ಯಾವ ಮನೆಯಲ್ಲೂ ತೊಟ್ಟಿಲು ತೂಗಿಲ್ಲ. ಮೊದಮೊದಲು ಜನ ಹರಕೆ ಹೊತ್ತರು, ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿದರು, ಒಬ್ಬರನ್ನೊಬ್ಬರು ಬೈದರು. ಆಮೇಲೆ ಸುಮ್ಮನಾದರು. ಚಿಕ್ಕ ಮಕ್ಕಳಿದ್ದ ಮನೆಯವರು ನಾನು ಶಾಲೆ ಸೇರುವ ಮೊದಲೇ ಒಬ್ಬೊಬ್ಬರಾಗಿ ಊರು ಬಿಟ್ಟರು. ಹೆರಿಗೆ ಆಸ್ಪತ್ರೆಯ ಮುಂಗೋಣೆಯಲ್ಲಿ ಈಗ ಕನ್ನಡಕದ ಅಂಗಡಿ ಇದೆ. ಊರು ಬಿಟ್ಟು ಹೋದವರಿಗೆ ಅಲ್ಲಲ್ಲಿ ಮಕ್ಕಳಾದವೆಂದು ಕಾಗದ ಬರುತ್ತಿತ್ತು. ಆದರೆ ಆ ಮಕ್ಕಳನ್ನು ಕರೆದುಕೊಂಡು ಯಾರೂ ಇತ್ತ ಬರಲಿಲ್ಲ. ಬನ್ನಿ ಎಂದು ನಾವೂ ಬರೆಯಲಿಲ್ಲ.

ಊರಾಚೆ, ಹಂಚಿನ ಕಾರ್ಖಾನೆಯಿದ್ದ ಬಯಲಿನಲ್ಲಿ, ಒಂದು ಪಾರ್ಕಿದೆ. ನಾನು ಹುಟ್ಟುವ ಹಿಂದಿನ ವರ್ಷ ಕಟ್ಟಿದ್ದು. ಕೂತು ಸುತ್ತುವ ದೊಡ್ಡ ಕಪ್-ಸಾಸರುಗಳು, ಪುಟಾಣಿ ರೈಲು, ಸಿಮೆಂಟಿನ ಬೆಟ್ಟ, ಆ ಬೆಟ್ಟದ ಗುಹೆಯಿಂದ ಹೊರಗೆ ಬರುವ ಒಂದು ದೊಡ್ಡ ಕರಡಿ. ಕರಡಿಯ ಹೆಸರು ತುಪ್ಪಣ್ಣ. ಜೇನುತುಪ್ಪ ಅಂದರೆ ಪ್ರಾಣ ಅಂತ ಆ ಹೆಸರು. ನನ್ನ ಬಾಲ್ಯವೆಂದರೆ ನನಗೆ ನೆನಪಾಗುವುದು ನನ್ನನ್ನು ನೋಡುತ್ತಿದ್ದ ಮುಖಗಳು. ಭಾನುವಾರ ಅಪ್ಪ ನನ್ನನ್ನು ಪಾರ್ಕಿಗೆ ಹೊರಡಿಸಿದರೆ ಅರ್ಧ ಊರೇ ಹಿಂದೆ ಬರುತ್ತಿತ್ತು. ಗುಹೆಯಿಂದ ತುಪ್ಪಣ್ಣ ಕೈಬೀಸುತ್ತ ಬರುವಾಗ ಅವರು ಕರಡಿಯನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನು ನೋಡುತ್ತಿದ್ದರು. ಏಳನೇ ವಯಸ್ಸಿಗೇ ನನಗೆ ಗೊತ್ತಾಗಿತ್ತು. ಕರಡಿಯ ಬಾಯಿಯ ಜಾಲರಿಯೊಳಗೆ ಒಂದು ಮೀಸೆ ಇತ್ತು, ಬೀಡಿಯ ವಾಸನೆ ಇತ್ತು. ಆದರೂ ನಾನು ಕಿರುಚಿಕೊಂಡು ಓಡಿಹೋಗಿ ಅಪ್ಪಿಕೊಳ್ಳುತ್ತಿದ್ದೆ. ಹಾಗೆ ಅಪ್ಪಿಕೊಂಡಾಗ ಸುತ್ತ ನಿಂತವರ ಉಸಿರು ಸಡಿಲವಾಗುವುದು ನನಗೆ ಕೇಳಿಸುತ್ತಿತ್ತು. ಇಷ್ಟು ದೊಡ್ಡವರನ್ನೆಲ್ಲ ನಾನೊಬ್ಬಳು ಎತ್ತಿಕೊಂಡು ನಿಂತಿದ್ದೇನೆ ಅನ್ನಿಸುತ್ತಿತ್ತು.

ಹದಿನಾಲ್ಕಕ್ಕೆ ನಾನು ಇನ್ನು ಬರುವುದಿಲ್ಲ ಎಂದೆ. ಪಾರ್ಕಿಗೆ ಬೀಗ ಹಾಕುವ ಮಾತಾಯಿತು. ಆಗ ಒಂದು ದಿನ ರುದ್ರಮುನಿ ಮೇಷ್ಟ್ರು ಒಬ್ಬರೇ ಟಿಕೆಟ್ ತೆಗೆದುಕೊಂಡು ಒಳಗೆ ಹೋದರು. ನನ್ನೊಬ್ಬಳಿಗೇ ಹತ್ತನೇ ಇಯತ್ತೆಯವರೆಗೆ ಪಾಠ ಹೇಳಿ ಶಾಲೆಯ ಬಾಗಿಲು ಮುಚ್ಚಿದವರು ಅವರು. ಬಾರುಕೋಲಿನಂಥ ಮನುಷ್ಯ, ನಕ್ಕಿದ್ದನ್ನು ಯಾರೂ ಕಂಡವರಿಲ್ಲ. ಗೇಟಿನವನು ಕಣ್ಣರಳಿಸಿದಾಗ, "ರೈಲಿನ ಹಳಿ ತುಕ್ಕು ಹಿಡಿದೈತೇನೋ ನೋಡಾಣ ಅಂತ ಬಂದೆ ಕಣಯ್ಯ" ಎಂದರಂತೆ. ಒಂದು ತಾಸಾದ ಮೇಲೆ ಹೊರಗೆ ಬಂದರು. ಅಂಗಿಯ ಎದೆಯ ಮೇಲೆ ಕಂದು ಕೂದಲು ಅಂಟಿತ್ತು.

ಮುಂದಿನ ವಾರ ಹತ್ತು ಜನ ಬಂದರು. ಎಲ್ಲರಿಗೂ ಒಂದೊಂದು ನೆಪ. ಗಾಳಿ ಸೇವನೆ, ಮಂಡಿನೋವಿಗೆ ನಡಿಗೆ, ನೆಂಟರಿಗೆ ಜಾಗ ತೋರಿಸುವುದು. ವರ್ಷ ಕಳೆಯುವ ಹೊತ್ತಿಗೆ ನೆಪಗಳು ಸವೆದುಹೋದವು. ಬಸ್ ಕಂಡಕ್ಟರು, ಬ್ಯಾಂಕಿನ ಗುಮಾಸ್ತೆ, ಮಿಲಿಟರಿಯಿಂದ ನಿವೃತ್ತನಾಗಿ ಬಂದವನು, ಎಲ್ಲರೂ ತಲೆ ಬಾಚಿಕೊಂಡು, ಇಸ್ತ್ರಿ ಬಟ್ಟೆ ಉಟ್ಟು ಸಾಲಿನಲ್ಲಿ ನಿಲ್ಲುತ್ತಿದ್ದರು. ತಮ್ಮ ಸರದಿ ಬಂದಾಗ ಮುಖ ಕೆಂಪಾಗುತ್ತಿತ್ತು. "ತುಪ್ಪಣ್ಣಾ, ನಾನು ಯಾರು ಗೊತ್ತಾತಾ?" ಎಂದು ಕೇಳುತ್ತಿದ್ದರು. ಕರಡಿ ತಲೆಯಾಡಿಸಿದರೆ ಹಿಂದೆ ತಿರುಗಿ ಸಾಲಿನವರಿಗೆ ಹೇಳುತ್ತಿದ್ದರು, "ನೋಡ್ರಿ, ಮರೆತಿಲ್ಲ." ಮೇಷ್ಟ್ರು ಸ್ಲೇಟು ತಂದು ಲೆಕ್ಕ ಕೇಳುತ್ತಿದ್ದರು. ಕರಡಿಯ ಪಂಜಕ್ಕೆ ನಾಲ್ಕೇ ಬೆರಳು. ಆದ್ದರಿಂದ ಎಂಟು ದಾಟುವ ಲೆಕ್ಕವನ್ನು ಅವರು ಎಂದೂ ಕೊಡುತ್ತಿರಲಿಲ್ಲ.

ಬೇರೆ ಕೆಲಸ ಸಿಗದೆ ನಾನೂ ಅದೇ ಪಾರ್ಕಿಗೆ ಸೇರಿದೆ. ಕರಡಿಯ ಪಕ್ಕ ನಡೆಯುವವಳು. ವೇಷದೊಳಗಿನವನಿಗೆ ಬಾಯಿಯ ಜಾಲರಿಯಲ್ಲಿ ಎರಡು ಮಾರು ದೂರವಷ್ಟೇ ಕಾಣುತ್ತದೆ, ಮಾತಾಡುವಂತಿಲ್ಲ. ಮೊಣಕೈ ಹಿಡಿದು ನಡೆಸುವುದು, ಅವನ ಪರವಾಗಿ ಮಾತಾಡುವುದು ನನ್ನ ಕೆಲಸ. ಒಳಗಿದ್ದವರು ಕೊಟ್ರಪ್ಪ. ಊರಿಗೆಲ್ಲ ಶಾಲೆಯ ಯೂನಿಫಾರಂ ಹೊಲಿಯುತ್ತಿದ್ದ ದರ್ಜಿ. ಕೊನೆಗೆ ಹತ್ತು ವರ್ಷ ಜೂನ್ ತಿಂಗಳಿಗೆ ಒಂದೇ ಒಂದು ನೀಲಿ ಲಂಗ, ಒಂದೇ ಬಿಳಿ ರವಿಕೆ ಹೊಲಿದವರು. ಅದು ನನ್ನದು. ಆಮೇಲೆ ಮಿಷನ್ನಿಗೆ ಬಟ್ಟೆ ಹೊದಿಸಿ, ಮೊದಲಿನವನ ಬದಲು ಕರಡಿಯ ಚರ್ಮ ತೊಟ್ಟರು.

ಒಳಗೆ ಕುದಿಯುವ ಸೆಕೆ. ಇಪ್ಪತ್ತು ನಿಮಿಷ ಹೊರಗೆ, ಇಪ್ಪತ್ತು ನಿಮಿಷ ಗುಹೆಯ ಹಿಂದಿನ ಕೋಣೆಯಲ್ಲಿ ತಲೆ ತೆಗೆದು ಫ್ಯಾನಿನ ಕೆಳಗೆ, ಹೀಗೆ ನಿಯಮ. ತಲೆಯನ್ನು ಜನರ ಮುಂದೆ ತೆಗೆಯಬಾರದು. ಇದನ್ನು ಯಾರೂ ಗೋಡೆಯ ಮೇಲೆ ಬರೆದಿರಲಿಲ್ಲ. ಬರೆಯುವ ಅಗತ್ಯವಿರಲಿಲ್ಲ. ಸಾಕಾದಾಗ ಕೊಟ್ರಪ್ಪ ನನ್ನ ಮಣಿಕಟ್ಟನ್ನು ಸ್ವಲ್ಪ ಹೊತ್ತು ಅದುಮಿ ಹಿಡಿಯುತ್ತಿದ್ದರು. ನಾನು "ತುಪ್ಪಣ್ಣಗೆ ನಿದ್ದಿ ಬಂದೈತಂತೆ" ಎಂದು ಹೇಳಿ ಒಳಗೆ ಕರೆದೊಯ್ಯುತ್ತಿದ್ದೆ. ಒಳಗೆ ಅವರು ಬನಿಯನ್ ಹಿಂಡಿ ಒಣಗಲು ಹಾಕಿ ಬೆಂಚಿನ ಮೇಲೆ ಕೂರುತ್ತಿದ್ದರು.

"ಇವತ್ತು ಡಾಕ್ಟ್ರಮ್ಮ ಬಂದಿದ್ರು ನೋಡಿದ್ಯಾ ವನಜಾ?" ಎಂದು ಒಮ್ಮೆ ಕೇಳಿದರು. "ನನ್ನ ಕೈ ಹಿಡ್ಕಂಡು ಸುಮ್ನೆ ನಿಂತ್ರು. ನನಗೂ ಅಳು ಬಂತು. ಒಳಗೆ ಅತ್ರೆ ಒರೆಸ್ಕಣಾಕೆ ಬರಲ್ಲ, ಅದೊಂದು ಕಷ್ಟ."

ಡಾಕ್ಟರಮ್ಮ ಎಂದರೆ ಸರ್ವಮಂಗಳಮ್ಮ. ನಾನು ಹುಟ್ಟಿದಾಗ ಅಮ್ಮನ ಹೆರಿಗೆ ಮಾಡಿಸಿದವರು. ಅವರ ಕೈಯಿಂದ ಕಡೆಯದಾಗಿ ಲೋಕಕ್ಕೆ ಬಂದವಳು ನಾನು. ಅವರು ನನ್ನನ್ನು ಎಂದೂ ನೇರವಾಗಿ ನೋಡುತ್ತಿರಲಿಲ್ಲ.

"ನಿಮಗೆ ಬೇಸರ ಆಗಲ್ವಾ ಕೊಟ್ರಪ್ಪಾರೇ?" ಎಂದೆ.

"ಬೇಸರ ಯಾಕವ್ವ? ನಲವತ್ತು ವರ್ಷ ಅಳತೆ ಟೇಪು ಹಿಡ್ಕಂಡು ಜನರನ್ನ ಮುಟ್ಟಿದೀನಿ. ಯಾರೂ ನನ್ನ ಅಪ್ಪಿಕಂಡಿರ್ಲಿಲ್ಲ."

ಅವರ ಹೆಂಡತಿ ಹಾಲಮ್ಮ ಮಾತ್ರ ಪಾರ್ಕಿನ ಗೇಟು ದಾಟಿದವಳಲ್ಲ. ನಾನು ಹುಟ್ಟಿದ ವರ್ಷವೇ ಆಕೆಗೆ ಆರು ತಿಂಗಳ ಬಸಿರು ಇಳಿದುಹೋಗಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಗಂಡನ ಬುತ್ತಿಯನ್ನು ಗೇಟಿನ ಹೊರಗೆ ನನ್ನ ಕೈಗೆ ಕೊಟ್ಟು, ಒಳಗೆ ಹೋಗುವವರನ್ನು ನೋಡಿ ಗಟ್ಟಿಯಾಗಿಯೇ ಅನ್ನುತ್ತಿದ್ದಳು: "ಕೂದಲು ನೆರೆತಾವೆ, ಇನ್ನೂ ಗೊಂಬೆ ಆಟ. ಏನ್ ಇಲ್ವೋ ಅದು ಇಲ್ಲ ಅನ್ನಾಕೆ ಯಾಕಿಷ್ಟು ಹೆದರ್ತಾರೆ?" ಊರಿನವರಿಗೆ ಆಕೆಯ ಮೇಲೆ ಸಿಟ್ಟಿರಲಿಲ್ಲ. ಭಯವಿತ್ತು. ಆಕೆ ಎದುರು ಬಂದರೆ ದಾರಿ ಬದಲಿಸುತ್ತಿದ್ದರು.

ಹೋದ ಏಪ್ರಿಲ್‌ನಲ್ಲಿ ತುಪ್ಪಣ್ಣನ ಹುಟ್ಟುಹಬ್ಬ ಬಂತು. ಅದನ್ನು ಶುರು ಮಾಡಿದವರು ಯಾರೋ, ಐದಾರು ವರ್ಷದಿಂದ ಊರಿನ ದೊಡ್ಡ ದಿನವೆಂದರೆ ಅದೇ ಆಗಿತ್ತು. ಅಂಗಡಿಗಳಿಗೆ ರಜೆ. ಹೆಂಗಸರು ಹಿಂದಿನ ದಿನವೇ ಕರ್ಜಿಕಾಯಿ ಕರಿದಿಟ್ಟಿದ್ದರು. ಬೆಳಿಗ್ಗೆ ಒಂಬತ್ತಕ್ಕೇ ಸಾಲು ಸಿಮೆಂಟಿನ ಬೆಟ್ಟ ಬಳಸಿ, ರೈಲಿನ ಹಳಿ ದಾಟಿ, ಗೇಟಿನಿಂದಾಚೆ ಹೋಗಿತ್ತು. ಬಿಸಿಲು ಆಗಲೇ ಕಣ್ಣು ಕುಕ್ಕುತ್ತಿತ್ತು. ಪಾರ್ಕಿನ ಮ್ಯಾನೇಜರ್ ಜಯದೇವಪ್ಪ ಕೋಣೆಗೆ ಬಂದು, "ಇವತ್ತೊಂದಿನ ಅಡ್ಜಸ್ಟ್ ಮಾಡ್ಕಳಪ್ಪ ಕೊಟ್ರಪ್ಪ, ಇಪ್ಪತ್ತು ನಿಮಿಷಕ್ಕೆಲ್ಲ ಒಳಗೆ ಬಂದ್ರೆ ಸಂಜಿ ಆದ್ರೂ ಸಾಲು ಕರಗಲ್ಲ" ಎಂದರು. ಕೊಟ್ರಪ್ಪ ಎಡಗೈ ಭುಜವನ್ನು ಉಜ್ಜಿಕೊಳ್ಳುತ್ತಿದ್ದರು. "ಆಗಲಿ ಬಿಡ್ರಿ" ಎಂದರು. ನಾನು ಕರಡಿಯ ತಲೆಯನ್ನೆತ್ತಿ ಅವರ ಹೆಗಲಿಗೆ ಕೂರಿಸಿ ಕೊಕ್ಕೆ ಹಾಕಿದೆ.

ಮೊದಲ ತಾಸು ಚೆನ್ನಾಗಿಯೇ ಹೋಯಿತು. ಕಂಡಕ್ಟರು ಕರಡಿಯ ಕಿವಿಗೆ ಬಾಯಿಟ್ಟು ಏನೋ ಗುಟ್ಟು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. ಎಪ್ಪತ್ತು ದಾಟಿದ ಗಂಡ ಹೆಂಡತಿ ತಾವು ಹೆಣೆದ ಸ್ವೆಟರು ತಂದಿದ್ದರು, ಆ ಬಿಸಿಲಿನಲ್ಲಿ ಅದನ್ನು ತೊಡಿಸಲೇಬೇಕೆಂದು ಹಟ ಹಿಡಿದರು. ಮೇಲೊಂದು ಉಣ್ಣೆಯ ಸ್ವೆಟರು ಬಿತ್ತು. ಅದಾಗಿ ಸ್ವಲ್ಪ ಹೊತ್ತಿಗೆ ನನ್ನ ಮಣಿಕಟ್ಟನ್ನು ಕೊಟ್ರಪ್ಪ ಅದುಮಿ ಹಿಡಿದರು.

"ತುಪ್ಪಣ್ಣಗೆ ನಿದ್ದಿ ಬಂದೈತಂತೆ, ಒಂಚೂರು ಮಲಗಿ ಬರ್ತಾನಂತೆ" ಎಂದೆ.

ಸಾಲಿನ ಮುಂದೆ ಮೇಷ್ಟ್ರಿದ್ದರು. ಎಪ್ಪತ್ತೈದರ ಹತ್ತಿರದ ಮುದುಕ, ಬೆಳಿಗ್ಗೆ ಏಳರಿಂದ ನಿಂತವರು. ಸ್ಲೇಟನ್ನು ಎದೆಗವಚಿಕೊಂಡು, "ವನಜಾ, ನಾನೊಬ್ಬ. ನಾನೊಬ್ಬ ಆಗ್ಲವ್ವ. ಅವ್ನಿಗೆ ಹೊಸ ಲೆಕ್ಕ ತಂದೀನಿ" ಎಂದರು. ಅವರ ಹಿಂದಿನವರೂ "ಒಬ್ಬೊಬ್ರೇ, ಬೇಗ ಬೇಗ" ಎಂದರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಹಿಂದೆಮುಂದೆ ನೋಡಿದೆ. ಮಣಿಕಟ್ಟಿನ ಮೇಲೆ ಮತ್ತೆ ಅದೇ ಒತ್ತು ಬಿತ್ತು, ಈ ಸಲ ಬಿಡದೆ. ನಾನು "ಆತು, ಮೇಷ್ಟ್ರು ಒಬ್ರು" ಎಂದೆ. ಈ ಮಾತನ್ನು ನಾನು ಆಡಿದೆ. ಬೇರೆ ಯಾರೂ ಅಲ್ಲ.

ಮೇಷ್ಟ್ರು ಸ್ಲೇಟು ಎತ್ತಿ ಹಿಡಿದರು. ಎರಡು ಕೂಡಿಸು ಒಂದು. ಕರಡಿ ಪಂಜವನ್ನು ಎತ್ತಿತು, ಒಂದು ಬೆರಳು ಬಿಡಿಸಿತು, ಹಾಗೇ ಮುಂದಕ್ಕೆ ಬಾಗಿ ಮಂಡಿಯೂರಿತು. ಜನ ಹೋ ಎಂದು ನಕ್ಕರು. "ಲೆಕ್ಕ ಮರೆತೈತೆ!" ಎಂದು ಯಾರೋ ಕೂಗಿದರು. ಕರಡಿ ಮಗ್ಗುಲಿಗೆ ಉರುಳಿತು. ಚಪ್ಪಾಳೆ ಬಿತ್ತು. ಚಪ್ಪಾಳೆ ಒಂದೊಂದಾಗಿ ನಿಲ್ಲುವುದು ನನಗೆ ಕೇಳಿಸಿತು. ಕಡೆಗೆ ಒಬ್ಬನೇ ತಟ್ಟುತ್ತಿದ್ದ, ಅವನೂ ನಿಲ್ಲಿಸಿದ.

ನಾನು ಕೂತು ಕತ್ತಿನ ಕೊಕ್ಕೆಗೆ ಕೈ ಹಾಕಿದೆ. ಮೇಷ್ಟ್ರು ನನ್ನ ಕೈ ಹಿಡಿದರು. ಮುದುಕರ ಕೈಯಲ್ಲಿ ಅಷ್ಟು ಬಲವಿತ್ತು. "ಬ್ಯಾಡ ಕಣವ್ವ. ಇಲ್ಲಿ ಬ್ಯಾಡ. ಎಲ್ರ ಮುಂದೆ ಬ್ಯಾಡ."

"ಬಿಡ್ರಿ ಸಾರ್! ಒಳಗೆ ಮನುಷ್ಯ ಅದಾನೆ!" ಎಂದು ಕೂಗಿದೆ.

ಆ ಮಾತು ಬಿದ್ದ ಕೂಡಲೇ ಹತ್ತಿರದಲ್ಲಿದ್ದವರು ಮುಖ ತಿರುಗಿಸಿದರು. ಅವರನ್ನು ನೋಡಿ ಹಿಂದಿನವರು. ಅಷ್ಟುದ್ದದ ಸಾಲಿಗೆ ಸಾಲೇ ನನಗೆ ಬೆನ್ನು ಹಾಕಿ ನಿಂತಿತು. ಕೆಲವರು ಕಣ್ಣು ಮುಚ್ಚಿಕೊಂಡಿದ್ದರು, ಕೆಲವರು ಕಿವಿ. ಒಬ್ಬ ಹೆಂಗಸು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು, ಆದರೆ ತಿರುಗಲಿಲ್ಲ.

ಸಾಲಿನ ನಡುವೆ ಸರ್ವಮಂಗಳಮ್ಮ ಇದ್ದರು. ನಾನು ಹೆಸರು ಹಿಡಿದು ಕೂಗಿದೆ. ಬಂದರು. ಮಂಡಿಯೂರಿ, ಉಣ್ಣೆಯ ಸ್ವೆಟರಿನ ಮೇಲೆ, ಕರಡಿಯ ಎದೆಯ ಮೇಲೆ ಕಿವಿಯಿಟ್ಟರು. ಆ ದಪ್ಪ ಚರ್ಮದೊಳಗೆ ಏನು ಕೇಳಿಸೀತು? "ತಲೆ ತೆಗೀರಿ ಡಾಕ್ಟ್ರೇ" ಎಂದೆ. ಅವರು ಬೆನ್ನು ಹಾಕಿ ನಿಂತ ಜನರನ್ನು ನೋಡಿದರು. "ಇಷ್ಟು ಜನದ ಮುಂದೆ ಹೆಂಗಮ್ಮ" ಎಂದು ಪಿಸುಗುಟ್ಟಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳಿಸುವಂತೆ, ಕೂಸಿಗೆ ಹೇಳುವ ದನಿಯಲ್ಲಿ, "ತುಪ್ಪಣ್ಣಗೆ ಸುಸ್ತಾಗೈತೆ. ಮನೆಗೆ ಕರ್ಕಂಡು ಹೋಗಾಣ ಬರ್ರಿ" ಎಂದರು.

ಆರು ಜನ ಗಂಡಸರು ಕಣ್ಣು ಬೇರೆ ಕಡೆ ಇಟ್ಟುಕೊಂಡೇ ಬಂದು ಎತ್ತಿದರು. ಗುಹೆಯ ಬಾಗಿಲಿಗೆ ನೂರ ಮೂವತ್ತು ಹೆಜ್ಜೆ. ನಾನು ಆಮೇಲೆ ಎಣಿಸಿದ್ದೇನೆ. ಕೋಣೆಯ ಕದ ಹಾಕಿ, ಅವರೆಲ್ಲ ಹೊರಗೆ ಹೋದ ಮೇಲೆ, ಸರ್ವಮಂಗಳಮ್ಮ ಮತ್ತು ನಾನು ತಲೆಯನ್ನು ಬಿಚ್ಚಿದೆವು. ಕೊಟ್ರಪ್ಪನವರ ಕಣ್ಣು ತೆರೆದಿತ್ತು. ಬಾಯಿಗೆ ಕಂದು ನೂಲು ಮೆತ್ತಿತ್ತು. ಜಾಲರಿಯನ್ನು ಹಲ್ಲಿನಿಂದ ಕಚ್ಚಿದ್ದರೋ ಏನೋ. ಡಾಕ್ಟರಮ್ಮ ಎದೆಯನ್ನು ಒತ್ತಿದರು, ಬಹಳ ಹೊತ್ತು ಒತ್ತಿದರು. ಕೊನೆಗೆ ನೆಲಕ್ಕೆ ಕೂತು, "ಅಲ್ಲೇ ಹೋಗಿತ್ತು ವನಜಾ. ಬಿದ್ದಾಗಲೇ ಹೋಗಿತ್ತು" ಎಂದರು. ನಿಜವಿರಬಹುದು. ನನ್ನ ಜೀವಮಾನದಲ್ಲಿ ಅವರು ನನ್ನ ಕಣ್ಣನ್ನು ನೋಡಿ ಆಡಿದ ಮೊದಲ ಮಾತು ಅದು, ಆದರೂ ನನಗೆ ನಂಬಿಕೆ ಬರಲಿಲ್ಲ.

ಮರುದಿನ ಮಣ್ಣಿಗೆ ಹೋದವರು ಐದೇ ಜನ. ಹಾಲಮ್ಮ, ನಾನು, ಜಯದೇವಪ್ಪ, ಗುಂಡಿ ತೋಡಿದ ಇಬ್ಬರು. ದಾರಿಯ ಎರಡೂ ಕಡೆ ಮನೆಗಳ ಕದ ಮುಚ್ಚಿದ್ದವು. ಒಳಗೆ ಉಸಿರಾಡುವವರಿದ್ದಾರೆಂದು ಗೊತ್ತಾಗುತ್ತಿತ್ತು. ಹಾಲಮ್ಮ ಅಳಲಿಲ್ಲ. "ಈ ಓಣಿಯೋರಿಗೆಲ್ಲ ಮದುವಿ ಬಟ್ಟಿ ಹೊಲಿದಾನೆ" ಎಂದಳು. "ಒಬ್ರಾದ್ರೂ ಬರ್ತಾರೆ ಅನ್ಕಂಡಿದ್ದೆ." ನಾನು ಆಕೆಯ ಮುಂದೆ ನಡೆದದ್ದನ್ನೆಲ್ಲ ಹೇಳಿದೆ. ಮಣಿಕಟ್ಟಿನ ಒತ್ತನ್ನೂ, ನಾನು ಆಡಿದ ಮಾತನ್ನೂ. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಆಕೆ ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು ಮನೆಗೆ ಹೋದಳು.

ನಾಲ್ಕನೇ ದಿನ ಪಾರ್ಕು ತೆರೆಯಿತು. ಚರ್ಮವನ್ನು ಒಗೆದು ಒಣಗಿಸಿ ಪಂಪಾಪತಿ ಎನ್ನುವವನಿಗೆ ತೊಡಿಸಿದರು. ಮಿಲ್ಲಿನಲ್ಲಿ ಕೆಲಸವಿದ್ದು ಬಿಟ್ಟವನು, ಕೊಟ್ರಪ್ಪನವರಿಗಿಂತ ಒಂದು ಗೇಣು ಎತ್ತರ. ಕಾಲಿನ ಹತ್ತಿರ ಚರ್ಮ ಸಾಲದೆ ಪಾದ ಕಾಣುತ್ತಿತ್ತು. ನಾನು ಹೋಗಬಾರದೆಂದು ನಿಶ್ಚಯಿಸಿದ್ದೆ. ಆದರೂ ಹೋದೆ. ಹೋಗದಿದ್ದರೆ ಇನ್ನೆಲ್ಲಿ ಕೂರಲಿ, ಏನು ಮಾಡಲಿ ಎಂದು ತೋಚಲಿಲ್ಲ. ಆವತ್ತಿನಷ್ಟು ಉದ್ದದ ಸಾಲನ್ನು ನಾನು ಕಂಡಿರಲಿಲ್ಲ. ಎಲ್ಲರ ಕೈಯಲ್ಲೂ ಏನಾದರೊಂದು. ಎಳನೀರು, ದಾಳಿಂಬೆ, ಗಂಜಿಯ ಡಬ್ಬಿ. ಮೇಷ್ಟ್ರು ಫ್ಲಾಸ್ಕಿನಲ್ಲಿ ಶುಂಠಿ ಕಷಾಯ ತಂದಿದ್ದರು. ಮುಖ ಇಳಿದುಹೋಗಿತ್ತು, ನಾಲ್ಕು ದಿನ ನಿದ್ದೆ ಮಾಡಿರಲಿಲ್ಲವೆಂದು ಕಾಣುತ್ತಿತ್ತು.

"ಈಗ ಹೆಂಗಿದೀಯಪ್ಪ?" ಎಂದರು ಕರಡಿಗೆ. "ಹುಷಾರಾದ್ಯಾ?"

ಪಂಪಾಪತಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮೇಷ್ಟ್ರು ನನ್ನ ಕಡೆ ತಿರುಗಿದರು. ಅವರ ಹಿಂದೆ ನೂರಾರು ಮುಖಗಳು ತಿರುಗಿದವು. ನಾನು ಬಾಯಿ ತೆರೆದೆ. ಕೊಟ್ರಪ್ಪ ಎಂಬ ಹೆಸರು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದರೆ ಏನಾಗುತ್ತಿತ್ತು? ಮೇಷ್ಟ್ರು ಅಲ್ಲೇ ಕುಸಿಯುತ್ತಿದ್ದರು.

"ಹುಷಾರಾಗಿದಾನೆ ಸಾರ್" ಎಂದೆ. "ನಿಮ್ಮನ್ನ ಕೇಳ್ತಿದ್ದ."

ಮೇಷ್ಟ್ರು ಅತ್ತರು. ಸಾಲಿನಲ್ಲಿ ಬಹಳ ಜನ ಅತ್ತರು. ಸಂಜೆಯವರೆಗೆ ನಾನು ಅದೇ ಮಾತನ್ನು ಹೇಳಿದೆ. ಹೇಳುತ್ತ ಹೇಳುತ್ತ ಸಲೀಸಾಯಿತು. ಅದು ಸಲೀಸಾದದ್ದೇ ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹಾಲಮ್ಮ ಬಂದದ್ದು ಹನ್ನೆರಡನೆಯ ದಿನ. ಗೇಟಿನ ಕಡೆ ಗುಜುಗುಜು ಎದ್ದು ತಟ್ಟನೆ ನಿಂತಿತು. ತಲೆಗೆ ಎರೆದುಕೊಂಡು, ಬಿಳಿ ಸೀರೆಯುಟ್ಟು, ಬರಿಗಾಲಿನಲ್ಲಿ ಬಂದು ಆಕೆ ಸಾಲಿನ ಕೊನೆಗೆ ನಿಂತಳು. ಮುಂದಿದ್ದವನು ಸರಿದು ದಾರಿ ಬಿಟ್ಟ. ಅವನ ಮುಂದಿದ್ದವಳೂ. ಆಕೆಯನ್ನು ಬೇಗ ಮುಗಿಸಿಬಿಡಬೇಕೆಂದೋ, ನಾಚಿಕೆಯಿಂದಲೋ, ಎಲ್ಲರೂ ಪಕ್ಕಕ್ಕೆ ಸರಿದರು. ಆಕೆ ನಡುವೆ ನಡೆದು ಬಂದಳು. ಎಲ್ಲರಿಗೂ ಗೊತ್ತಿತ್ತು, ಈಗ ಇವಳು ಹೇಳುತ್ತಾಳೆ ಎಂದು. ಇಡೀ ಊರಿನಲ್ಲಿ ಹೇಳಬಲ್ಲವಳು ಅವಳೊಬ್ಬಳೇ. ನಾನು ನಿಜವಾಗಿ ಅದನ್ನೇ ಬೇಡಿಕೊಳ್ಳುತ್ತಿದ್ದೆ. ಹೇಳವ್ವ, ಆ ತಲೆ ಕಿತ್ತು ಬಿಸಾಡು, ನಮ್ಮೆಲ್ಲರ ಮುಖಕ್ಕೂ ಉಗಿ ಎಂದು.

ಹಾಲಮ್ಮ ಕರಡಿಯ ಎದುರು ನಿಂತಳು. ಬಹಳ ಹೊತ್ತು ನೋಡಿದಳು. ಪಂಪಾಪತಿಯ ಎದೆ ಏರಿಳಿಯುವುದು ಚರ್ಮದ ಮೇಲೆಯೇ ಕಾಣುತ್ತಿತ್ತು.

"ಉಂಡ್ಯಾ?" ಎಂದಳು.

ಕರಡಿ ನನ್ನತ್ತ ತಿರುಗಿತು. ಹಾಲಮ್ಮನೂ ನನ್ನತ್ತ ನೋಡಿದಳು. ಆ ಕಣ್ಣಿನಲ್ಲಿ ನಾನು ಹುಡುಕುತ್ತಿದ್ದ ಸಿಟ್ಟು ಇರಲಿಲ್ಲ. ಮೇಷ್ಟ್ರ ಕಣ್ಣಿನಲ್ಲಿದ್ದದ್ದೇ ಅಲ್ಲಿಯೂ ಇತ್ತು.

"ಉಂಡೀನಿ ಅಂತಾನೆ" ಎಂದೆ.

"ಸುಳ್ಳು ಹೇಳ್ತಾನೆ" ಎಂದಳು ಹಾಲಮ್ಮ, ಕರಡಿಯನ್ನೇ ನೋಡುತ್ತ. "ಅವತ್ತು ರೊಟ್ಟಿ ಹಂಗೇ ಬಿಟ್ಟು ಹೋಗಿದ್ದ. ಬಿಸಿ ಮಾಡಿಟ್ಟಿದ್ದೆ." ಮುಂದಕ್ಕೆ ಬಾಗಿ ಎರಡೂ ತೋಳಿನಲ್ಲಿ ಅದನ್ನು ಬಳಸಿದಳು. ಆಕೆಯ ತಲೆ ಅದರ ಎದೆಗೂ ಮುಟ್ಟಲಿಲ್ಲ. ಮುಖವನ್ನು ಕೂದಲಿನಲ್ಲಿ ಹುದುಗಿಸಿ ಉಸಿರೆಳೆದಳು, ಮತ್ತೆ ಎಳೆದಳು, ಏನನ್ನೋ ಹುಡುಕುವವಳಂತೆ. ಪಂಪಾಪತಿ ಹೆದರಿ ಹೆದರಿ ಪಂಜವನ್ನೆತ್ತಿ ಆಕೆಯ ಬೆನ್ನ ಮೇಲಿಟ್ಟ.

ಸುತ್ತ ನಿಂತ ಜನರ ಉಸಿರು ಸಡಿಲವಾಯಿತು. ಯಾರೋ ಮೂಗು ಒರೆಸಿಕೊಂಡರು, ಯಾರೋ "ಪಾಪ" ಎಂದರು, ಒಬ್ಬ ಹೆಂಗಸು ನಗುತ್ತ ಪಕ್ಕದವಳ ಕೈ ಹಿಡಿದಳು. ಇಷ್ಟು ವರ್ಷ ದಾರಿ ಬದಲಿಸುತ್ತಿದ್ದವರು ಹಾಲಮ್ಮನನ್ನು ತಮ್ಮವಳಂತೆ ನೋಡುತ್ತಿದ್ದರು. ನಿಜ ಹೇಳಬಲ್ಲವರು ಊರಿನಲ್ಲಿ ಇನ್ನು ಯಾರೂ ಉಳಿದಿರಲಿಲ್ಲ.

ಹಾಲಮ್ಮ ತೋಳು ಬಿಡಿಸಿಕೊಂಡು ಸೆರಗಿನಿಂದ ಮುಖ ಒರೆಸಿಕೊಂಡಳು. ಗೇಟಿನ ಕಡೆ ಹೋಗುತ್ತಾಳೆಂದುಕೊಂಡೆ. ಆಕೆ ಸಾಲಿನ ಉದ್ದಕ್ಕೂ ನಡೆದು, ಎಲ್ಲರನ್ನೂ ದಾಟಿ, ಮತ್ತೆ ಅದರ ಕೊನೆಗೆ ಹೋಗಿ ನಿಂತಳು.

"ಮುಂದಿನೋರು ಬರ್ರಿ" ಎಂದೆ.